ಬಟನ್ ಇಲ್ಲದ ಫೋನು

ಮಾರ್ಚ್ ತಿಂಗಳ ಮೊದಲ ಸೋಮವಾರ ಶಿವಯೋಗೀಶ ಆಫೀಸಿಗೆ ಬರುವಾಗ ಕೈಯಲ್ಲಿ ಐದು ಹೊಸ ಫೋನಿನ ಡಬ್ಬಿಗಳಿದ್ದವು. ರಾಯಾಪುರದ ಆ ಕಾರ್ಖಾನೆಯ ಆಫೀಸಿನಲ್ಲಿ ಇದ್ದದ್ದೇ ಐದು ಮೇಜು. ಒಂದೊಂದರ ಮೇಲೆ ಒಂದೊಂದು ಡಬ್ಬಿ ಇಡುತ್ತ ಬಂದು ಕೊನೆಗೆ ಕಿಟಕಿ ಪಕ್ಕದ ಮೇಜಿನ ಮುಂದೆ ನಿಂತ.

“ಅಕ್ಕಾರ, ಇದು ನಿಮ್ದು. ಈ ಮೂವತ್ತೊಂದಕ್ಕ ಹಳೇ ಮೇಲ್ ಬಂದ್ ಮಾಡಾಕತ್ತೇವಿ. ಒಂದನೇ ತಾರೀಖಿನಿಂದ ಎಲ್ಲಾರದೂ ಹೊಸಾದ್ರಾಗ. ನಿಮ್ಮ ಬಟನ್ ಫೋನಿನಾಗ ಅದು ಬರಂಗಿಲ್ಲ.”

ದಾಕ್ಷಾಯಿಣಿ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದು ತನ್ನ ಕಡೆ ಎಳೆದುಕೊಂಡಳು. “ಆತ್ರಿ ಸರ,” ಎಂದಳು. ಅವನು ತನ್ನ ಕೋಣೆಗೆ ಹೋದ ಮೇಲೂ ಬಹಳ ಹೊತ್ತು ಅದನ್ನು ತೆರೆಯಲಿಲ್ಲ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರಗಳಿಗೆ ರೋಲರು ಮಾಡುವ ಕಾರ್ಖಾನೆ ಅದು. ಶಿವಯೋಗೀಶನ ತಂದೆ ಮಡಿವಾಳಪ್ಪ ಕಟ್ಟಿದ್ದು. ದಾಕ್ಷಾಯಿಣಿ ಅಲ್ಲಿ ಪತ್ರ ವ್ಯವಹಾರಕ್ಕೆಂದು ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಮೊದಲು ಟೈಪ್‌ರೈಟರು, ಆಮೇಲೆ ಫ್ಯಾಕ್ಸು, ಆಮೇಲೆ ಇಮೇಲು. ತಾಂಜಾನಿಯಾ, ಉಗಾಂಡಾ, ಜಾಂಬಿಯಾಗಳ ಜಿನ್ನಿಂಗ್ ಮಾಲೀಕರಿಗೆ ಯಾವ ರೋಲರು ಬೇಕು, ಯಾವಾಗ ಬೇಕು, ಹೋದ ಸಲದ್ದು ಎಲ್ಲಿ ಸವೆಯಿತು ಎಂಬುದೆಲ್ಲ ಅವಳ ಮೂಲಕವೇ ಬರಬೇಕು, ಅವಳ ಮೂಲಕವೇ ಹೋಗಬೇಕು. ಅವಳ ಇಂಗ್ಲಿಷಿನಲ್ಲಿ ಒಂದು ಪದ ಹೆಚ್ಚಿರುತ್ತಿರಲಿಲ್ಲ, ಒಂದು ಕಡಿಮೆ ಇರುತ್ತಿರಲಿಲ್ಲ. “ನಮ್ಮ ದಾಕ್ಷಾಯಿಣಿ ಇಡೀ ಆಫ್ರಿಕಾ ಅಂಗೈಯಾಗ ಇಟ್ಕೊಂಡು ಅಡ್ಡಾಡತಾಳ,” ಎಂದು ಮಡಿವಾಳಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅಂಗೈಯಲ್ಲಿದ್ದದ್ದು ಆ ಬಟನ್ ಫೋನು. ಮೇಜಿನ ಮೇಲೆ ಕಂಪ್ಯೂಟರಿದ್ದರೂ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಕುತ್ತಿಗೆ ನೋಯುತ್ತದೆ ಎನ್ನುತ್ತಿದ್ದಳು. ಅದೊಂದು ಅವಳ ಪದ್ಧತಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಕುತ್ತಿಗೆಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ಕಣ್ಣಿಗೆ.

ಹನ್ನೊಂದು ವರ್ಷದ ಹಿಂದೆ ವಿದ್ಯಾನಗರದ ಕಣ್ಣಿನ ಡಾಕ್ಟರು ಕತ್ತಲ ಕೋಣೆಯಲ್ಲಿ ಕೂರಿಸಿ ನೋಡಿ, ದೃಷ್ಟಿ ಅಂಚಿನಿಂದ ಒಳಗೆ ಸವೆಯುತ್ತಿದೆ, ಇದಕ್ಕೆ ಔಷಧಿಯಿಲ್ಲ, ನಿಧಾನಕ್ಕೆ ಹೋಗುತ್ತದೆ ಎಂದು ಹೇಳಿದ್ದರು. ಮೊದಲು ಸಂಜೆ ಹೊತ್ತು ಕಾಣದಾಯಿತು. ಆಮೇಲೆ ಹಗಲಿನಲ್ಲೂ ಸುತ್ತಲಿನದು ಅಳಿಸುತ್ತ ಬಂದು ಈಗ ಒಂದು ಸಣ್ಣ ಕೊಳವೆಯೊಳಗಿಂದ ನೋಡಿದಷ್ಟೇ ಉಳಿದಿತ್ತು. ಎದುರಿಗಿನವರ ಮೂಗು ಕಂಡರೆ ಕಿವಿ ಕಾಣುತ್ತಿರಲಿಲ್ಲ. ಕಂಪ್ಯೂಟರಿನ ದೊಡ್ಡ ತೆರೆಯ ಮೇಲೆ ಒಂದು ಸಾಲು ಹುಡುಕಿಕೊಳ್ಳುವಷ್ಟರಲ್ಲಿ ಹಣೆ ಬೆವರುತ್ತಿತ್ತು. ಆದರೆ ಬಟನ್ ಫೋನಿನ ಪುಟ್ಟ ತೆರೆಯನ್ನು ತೋಳುದ್ದ ದೂರ ಹಿಡಿದರೆ ಅದು ಪೂರ್ತಿ ಆ ಕೊಳವೆಯೊಳಗೆ ಕೂರುತ್ತಿತ್ತು. ದಪ್ಪ ಅಕ್ಷರದ ನಾಲ್ಕು ಸಾಲು. ಬರೆಯಲಿಕ್ಕಂತೂ ಕಣ್ಣೇ ಬೇಕಿರಲಿಲ್ಲ. ಪ್ರತಿ ಬಟನ್ನಿಗೂ ಒಂದು ಏಣು, ಒಂದು ಇಳಿಜಾರು. ಹೆಬ್ಬೆರಳುಗಳಿಗೆ ಎಲ್ಲ ಗೊತ್ತಿತ್ತು.

ಉಳಿದದ್ದನ್ನು ಅವಳು ಹೇಗೋ ನಿಭಾಯಿಸುತ್ತಿದ್ದಳು. ಮೆಟ್ಟಿಲು ಎಣಿಸಿ ಇಟ್ಟುಕೊಂಡಿದ್ದಳು. ಯಾರಾದರೂ ಕೈಕುಲುಕಲು ಬಂದರೆ ಕೈ ಎಲ್ಲಿದೆ ಎಂದು ಹುಡುಕುವ ಬದಲು ತಾನೇ ಮೊದಲು ಕೈಮುಗಿದುಬಿಡುತ್ತಿದ್ದಳು. ಮೊಣಕಾಲು ನೋವೆಂದು ಹೇಳಿ ಗೋಡೆ ಹಿಡಿದು ನಡೆಯುತ್ತಿದ್ದಳು. ಸಂಜೆ ಐದೂವರೆಗೆ ಗಂಡ ಪ್ರಸಾದ ಗೇಟಿನ ಮುಂದೆ ಸ್ಕೂಟರು ತಂದು ನಿಲ್ಲಿಸುತ್ತಿದ್ದ. ನಿಜ ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ಅವನಿಗೆ ಮಾತ್ರ.

ಆ ಸಂಜೆ ಅವಳು ನೇರ ಮನೆಗೆ ಹೋಗದೆ ಕೇಶ್ವಾಪುರಕ್ಕೆ ಸ್ಕೂಟರು ತಿರುಗಿಸಲು ಹೇಳಿದಳು. ಅಲ್ಲಿ ಆಫ್ತಾಬನ ಮೊಬೈಲ್ ರಿಪೇರಿ ಅಂಗಡಿಯಿತ್ತು. ಅವಳ ಫೋನಿನ ಬಟನ್ನು ಸವೆದಾಗಲೆಲ್ಲ ಎಲ್ಲಿಂದಲೋ ಹುಡುಕಿ ತಂದು ಹೊಸದು ಕೂರಿಸಿಕೊಡುತ್ತಿದ್ದವನು ಅವನು.

“ಹೊಸಾ ಮೇಲ್ ಇದರಾಗ ಹೆಂಗರ ಬರೂ ಹಂಗ ಮಾಡಾಕ ಆಗತೈತೇನಪಾ ನೋಡು,” ಎಂದಳು.

ಆಫ್ತಾಬ ಅರ್ಧ ಗಂಟೆ ಒದ್ದಾಡಿದ. ಕೊನೆಗೆ ಫೋನನ್ನು ಒರೆಸಿ ಅವಳ ಕೈಗೇ ಕೊಟ್ಟ. “ಆಗಂಗಿಲ್ರಿ ಮೇಡಂ. ಬಟನ್ ಆಗಿದ್ರ ಹಾಕ್ತಿದ್ದೆ. ಇದು ಒಳಗಿಂದು. ಈ ಫೋನ್ ಮಾಡಾವ್ರ ಇದನ್ನ ಕೈಬಿಟ್ಟಾರ.”

ಊಟ ಮಾಡುವಾಗ ಪ್ರಸಾದ ಮಾತು ತೆಗೆದ. ವಿದ್ಯಾನಗರದಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ. ಅಷ್ಟು ಮಾತಿನ ಮನುಷ್ಯನಲ್ಲ.

“ಸಾಕ ಬಿಡು ದಾಕ್ಷಾ. ಇಪ್ಪತ್ತಾರು ವರ್ಷ ದುಡದಿ. ಒಂದ ದಿನಾನೂ ಹೆಸರು ಕೆಡಿಸಿಕೊಂಡಿಲ್ಲ. ಛಲೋ ಇದ್ದಾಗನ ಎದ್ದು ಬಂದ್ರ ಛಲೋ ಅಲ್ಲಾ?”

“ಫೋನ್ ಬದಲಾದ್ರ ನೌಕರಿ ಬಿಡಬೇಕೇನ್ರಿ?”

“ಫೋನಿಂದಲ್ಲ ನಾ ಹೇಳೂದು.”

“ಗೊತ್ತೈತಿ ಯಾವದು ಅಂತ,” ಎಂದಳು. “ಕಣ್ಣು ತನ್ನ ಪಾಡಿಗೆ ತಾ ಹೊಂಟೈತಿ. ಅದರ ಸಂಗಾಟ ನಾನೂ ಯಾಕ ಹೋಗ್ಲಿ?”

ಪ್ರಸಾದ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ.

ಹೊಸ ಫೋನು ಕೈಗೆ ಬಂದ ಮೊದಲ ವಾರ ನರಕವಾಯಿತು. ಅಂಗೈಗಿಂತ ದೊಡ್ಡದು, ಕನ್ನಡಿಯ ಹಾಗೆ ನುಣುಪು. ಎಲ್ಲಿ ಒಂದು ಅಕ್ಷರ ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಬೆರಳಿಗೆ ಹೇಳುವಂಥದ್ದು ಅದರ ಮೈಮೇಲೆ ಏನೂ ಇರಲಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ಅರ್ಧಕ್ಕೆ ಮುರಿಯುತ್ತಿತ್ತು. ಚಿಕ್ಕದು ಮಾಡಿದರೆ ಕಾಣುತ್ತಿರಲಿಲ್ಲ. ಕೀಬೋರ್ಡು ನೋಡಿದರೆ ಬರೆದದ್ದು ಕಾಣದು, ಬರೆದದ್ದು ನೋಡಿದರೆ ಕೀಬೋರ್ಡು ಮಾಯ. ಮೊದಲು ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಹತ್ತು ಸಾಲಿನ ಪತ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಊಟದ ಬಿಡುವಿನಲ್ಲಿ ಕದ್ದು ಹಳೆಯ ಫೋನಿನಿಂದಲೇ ಪತ್ರಗಳನ್ನು ಕಳಿಸುತ್ತಿದ್ದಳು. ಮೂವತ್ತೊಂದರವರೆಗೆ ಅದು ನಡೆಯುತ್ತಿತ್ತು.

ಎರಡನೆಯ ವಾರದ ಸೋಮವಾರ, ಹೀಗೆ ಕದ್ದು ಎಷ್ಟು ದಿನ ಎಂದು ಬೈದುಕೊಂಡು, ಮ್ವಾಂಜಾದ ಮಸಾಂಜನಿಗೆ ಹೊಸ ಫೋನಿನಿಂದಲೇ ಬರೆಯಲು ಕೂತಳು. ತಾಂಜಾನಿಯಾದ ಆ ಊರಿನಲ್ಲಿ ಮಸಾಂಜನಿಗೆ ದೊಡ್ಡ ಜಿನ್ನಿಂಗ್ ಫ್ಯಾಕ್ಟರಿ. ಹದಿನಾಲ್ಕು ವರ್ಷದ ಗಿರಾಕಿ. ಅಲ್ಲಿ ಜೂನಿನಲ್ಲಿ ಹತ್ತಿ ಬರುತ್ತದೆ, ಅಷ್ಟರೊಳಗೆ ರೋಲರು ಮುಟ್ಟಬೇಕು. ಗುರುವಾರಕ್ಕಿಂತ ಮೊದಲು ರೋಲರುಗಳನ್ನು ಕಳಿಸಲು ಆಗುವುದಿಲ್ಲ, ಗುರುವಾರ ಖಂಡಿತ ಹೊರಡುತ್ತವೆ ಎಂದು ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ‘ಗುರುವಾರಕ್ಕಿಂತ ಮೊದಲು’ ಎಂಬುದು ಕೊನೆಗೆ ಬರುತ್ತದೆ. ಅದನ್ನು ಬರೆಯುವ ಮೊದಲೇ ಬೆರಳು ಎಲ್ಲಿಗೋ ತಗುಲಿ ಪತ್ರ ಹೊರಟುಹೋಯಿತು.

‘ರೋಲರುಗಳನ್ನು ಕಳಿಸಲು ನಮ್ಮಿಂದ ಆಗುವುದಿಲ್ಲ.’ ಅಷ್ಟೇ. ಕೆಳಗೆ ಹೆಸರೂ ಇಲ್ಲ.

ಹತ್ತು ನಿಮಿಷದಲ್ಲಿ ಶಿವಯೋಗೀಶನ ಫೋನು ರಿಂಗಾಯಿತು. ಮಸಾಂಜನೇ. ಗಾಜಿನ ಬಾಗಿಲಿನಾಚೆಗೂ ಅವನ ದನಿ ಕೇಳಿಸುವಷ್ಟು ಸಿಟ್ಟಾಗಿದ್ದ. ಶಿವಯೋಗೀಶ ಸಮಾಧಾನ ಮಾಡಿ, ಕ್ಷಮೆ ಕೇಳಿ, ಹೊರಗೆ ಬಂದ.

“ಏನಾತ್ರಿ ಅಕ್ಕಾರ?”

“ಬೆರಳು ತಾಗಿ ಹೋತ್ರಿ ಸರ. ನನ್ನ ತಪ್ಪು.”

“ಹೊಸ ಫೋನು ಒಗ್ಗವಲ್ದೇನು?” ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. “ಒಂದ ಕೆಲಸ ಮಾಡೂಣು. ನೀವು ಬಾಯಿಲೆ ಹೇಳ್ರಿ, ನಮ್ಮ ವಿನೋದ ಟೈಪ್ ಮಾಡ್ತಾನ. ನಿಮಗೂ ತ್ರಾಸ ಕಡಿಮಿ.”

ಡ್ರಾಯಿಂಗು, ಪ್ಯಾಕಿಂಗು ನೋಡಿಕೊಳ್ಳುವ ವಿನೋದ ಪಕ್ಕದ ಮೇಜಿನಿಂದ ತಲೆಯೆತ್ತಿದ್ದು ಅವಳಿಗೆ ಕುರ್ಚಿಯ ಸಪ್ಪಳದಿಂದ ತಿಳಿಯಿತು.

“ಬ್ಯಾಡ್ರಿ ಸರ. ಮೂವತ್ತೊಂದರ ಮಟ ಟೈಮ್ ಐತೆಲ್ಲ. ನಾ ಕಲೀತೇನಿ.”

“ಹೂಂ,” ಎಂದು ಹೋದ. ಆ ‘ಹೂಂ’ನಲ್ಲಿ ನಂಬಿಕೆಯಿರಲಿಲ್ಲ.

ಆ ರಾತ್ರಿ ಮಲಗಿದಾಗ ಅವಳಿಗೆ ಶರೀಫಾಬಿಯ ನೆನಪು ಬಂತು. ನೆನಪಾಗಬಾರದೆಂದು ಐದಾರು ವರ್ಷದಿಂದ ದೂರ ತಳ್ಳಿದ್ದ ಹೆಸರು.

ದಾಕ್ಷಾಯಿಣಿ ಬೆಳಿಗ್ಗೆ ವಿದ್ಯಾನಗರದಲ್ಲಿ ಧಾರವಾಡದ ಕಡೆ ಹೋಗುವ ಚಿಗರಿ ಬಸ್ಸು ಹತ್ತುತ್ತಿದ್ದಳು. ಶರೀಫಾಬಿ ಅದಕ್ಕಿಂತ ಮೊದಲಿನ ಹೊಸೂರು ಸ್ಟಾಪಿನಲ್ಲೇ ಹತ್ತಿ, ಮುಂದಿನ ಸೀಟಿನಲ್ಲಿ, ಮಡಚಿದ ಬಿಳಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಧಾರವಾಡದ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರು. ನಲವತ್ತೈದರ ಹೆಂಗಸು, ಹುಟ್ಟಿನಿಂದಲೂ ಕಣ್ಣಿಲ್ಲ. ಕಂಡಕ್ಟರುಗಳಿಗೆಲ್ಲ ಅವಳ ಹೆಸರು ಗೊತ್ತಿತ್ತು. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲೊಂದು ಬಟನ್ ಇಲ್ಲದ ಫೋನು, ತೆರೆ ಪೂರ್ತಿ ಕಪ್ಪು, ಅದರ ಮೇಲೆ ಬೆರಳು ಒಂದೇ ಸಮನೆ ಆಡುತ್ತಿರುತ್ತಿತ್ತು. ಅವಳ ಪಕ್ಕದ ಸೀಟು ಎಷ್ಟೋ ಸಲ ಖಾಲಿಯಿದ್ದರೂ ದಾಕ್ಷಾಯಿಣಿ ಹಿಂದೆ ಹೋಗಿ ನಿಂತುಕೊಳ್ಳುತ್ತಿದ್ದಳು. ಯಾಕೆಂದು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಆ ರಾತ್ರಿ ಹೇಳಿಕೊಂಡಳು. ಅವಳ ಪಕ್ಕ ಕೂತರೆ ಜನ ತನ್ನನ್ನೂ ಅವಳಂಥವಳು ಎಂದು ತಿಳಿದಾರು ಎಂಬ ಹೆದರಿಕೆ. ಅದು ಬಿಟ್ಟರೆ ಬೇರೆ ಏನೂ ಅಲ್ಲ.

ಮರುದಿನ ಬಸ್ಸು ಹತ್ತಿದವಳೇ ಹಿಂದೆ ಹೋಗದೆ ಶರೀಫಾಬಿಯ ಪಕ್ಕದಲ್ಲೇ ಕೂತಳು.

“ನಮಸ್ಕಾರ್ರಿ. ನನ್ನ ಹೆಸರು ದಾಕ್ಷಾಯಿಣಿ ಅಂತ. ದಿನಾ ಇದ ಬಸ್ಸಿನಾಗ ಬರ್ತೇನಿ.”

ಶರೀಫಾಬಿ ಒಂದು ಇಯರ್‌ಫೋನು ತೆಗೆದಳು. “ಗೊತ್ತೈತ್ರಿ ಮೇಡಂ. ವಿದ್ಯಾನಗರದಾಗ ಹತ್ತತೀರಿ, ರಾಯಾಪುರದಾಗ ಇಳೀತೀರಿ.”

“ನಿಮಗ ಹೆಂಗ ಗೊತ್ತು?”

“ಹತ್ತಿದ ಕೂಡ್ಲೆ ಎಡಗೈಲೆ ಒಂದೊಂದ ಕಂಬಿ ಮುಟಗೋತ ಹೋಗ್ತೀರಿ. ಬಳಿ ಸಪ್ಪಳ ಕೇಳಸ್ತೈತಿ. ಕಣ್ಣು ನೆಟ್ಟಗಿದ್ದಾವ್ರು ಕಂಬಿ ಎಣಸಂಗಿಲ್ರಿ.”

ದಾಕ್ಷಾಯಿಣಿ ಎಡಗೈಯ ಬಳೆಗಳನ್ನು ಒತ್ತಿ ಹಿಡಿದಳು. ಬಸ್ಸು ಉಣಕಲ್ಲು ದಾಟಿತು. ಹನ್ನೊಂದು ವರ್ಷ ಇಡೀ ಊರಿಗೆ ಮುಚ್ಚಿಟ್ಟದ್ದನ್ನು ಈ ಹೆಂಗಸು ಮುಂದಿನ ಸೀಟಿನಲ್ಲಿ ಕೂತು ತಿಳಿದುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಕೊನೆಗೆ ಚೀಲದಿಂದ ಹೊಸ ಫೋನು ತೆಗೆದು ಅವಳ ಕೈಗಿಟ್ಟಳು.

“ಇದರಾಗ ಇಮೇಲ್ ಬರಿಯೂದು ಕಲಸ್ತೀರೇನು? ಮೂವತ್ತೊಂದರೊಳಗ.”

ಶರೀಫಾಬಿ ಫೋನಿನ ಅಂಚುಗಳನ್ನು ಸವರಿ ನೋಡಿದಳು. “ತೆರಿ ಓದಿ ಮಾತಾಡೂದು ಇದರೊಳಗೂ ಐತ್ರಿ. ತಂದ ದಿನದಿಂದ ಒಳಗ ಕುಂತೈತಿ. ಯಾರೂ ಎಬ್ಬಿಸಿಲ್ಲ ಅಷ್ಟ.”

ವಿದ್ಯಾನಗರದಿಂದ ರಾಯಾಪುರಕ್ಕೆ ಹದಿನೆಂಟು ನಿಮಿಷ. ಪಾಠ ಅಷ್ಟೇ ಹೊತ್ತು. ಮೊದಲ ದಿನ ಶರೀಫಾಬಿ ಫೋನಿಗೆ ಬಾಯಿ ಬರಿಸಿದಳು. ಅಲ್ಲಿಂದ ಫೋನಿನ ನಡಾವಳಿಯೇ ಬದಲಾಯಿತು. ಒಂದು ಸಲ ಮುಟ್ಟಿದರೆ ಬೆರಳಿನ ಕೆಳಗೆ ಏನಿದೆ ಎಂದು ಹೇಳುತ್ತದೆ. ಬೇಕಾದ್ದಾದರೆ ಎರಡು ಸಲ ತಟ್ಟಬೇಕು. ಕೀಬೋರ್ಡಿನ ಮೇಲೆ ಬೆರಳು ಎತ್ತದೆ ಸರಿಸುತ್ತ ಹೋದರೆ ಒಂದೊಂದೇ ಅಕ್ಷರ ಉಚ್ಚರಿಸುತ್ತದೆ, ಬೇಕಾದ ಅಕ್ಷರ ಬಂದಾಗ ಬೆರಳೆತ್ತಿದರೆ ಅದು ಬೀಳುತ್ತದೆ. ಕೇಳಲು ಸುಲಭ. ಆ ದಿನ ಸಂಜೆ ಗೇಟಿನ ಹೊರಗೆ ನಿಂತು ಪ್ರಸಾದ ಏಳು ಸಲ ಫೋನು ಮಾಡಿದ. ಒಳಗೆ ಅವಳಿಗೆ ಎತ್ತಲಾಗದೆ ಫೋನು ಅವನ ಹೆಸರನ್ನು ಕೂಗುತ್ತಲೇ ಇತ್ತು.

“ಕಣ್ಣು ಮುಚ್ಚರಿ,” ಎಂದಳು ಶರೀಫಾಬಿ ಎರಡನೆಯ ದಿನ.

“ನನಗ ಇನ್ನೂ ಸ್ವಲ್ಪ ಕಾಣತೈತ್ರಿ.”

“ಅದ ತೊಂದ್ರಿ ಆಗೈತಿ. ಕಂಡಷ್ಟು ನೋಡೂದು, ಕಾಣಲಾರದ್ದು ಕೇಳೂದು, ಎರಡೂ ಮಾಡಾಕ ಹೋಗಿ ಒಂದೂ ಆಗವಲ್ದು ನಿಮಗ.”

ದಾಕ್ಷಾಯಿಣಿ ಒಪ್ಪಲಿಲ್ಲ. ಮೂರು ದಿನ ಬಗ್ಗಿ ಬಗ್ಗಿ ನೋಡುತ್ತಲೇ ಬರೆದಳು. ನಾಲ್ಕನೆಯ ದಿನ ಬಸ್ಸಿನಲ್ಲಿ ಶರೀಫಾಬಿ ಫೋನನ್ನು ಒಮ್ಮೆ ತೆಗೆದುಕೊಂಡು ಮರಳಿ ಕೊಟ್ಟಾಗ ತೆರೆ ಕಪ್ಪಗಿತ್ತು. ದನಿ ಬರುತ್ತಿತ್ತು, ಚಿತ್ರವಿರಲಿಲ್ಲ.

“ಇದೇನಾತು?”

“ಈಗ ಇಸಗೊಂಡಾಗ ನಾನ ಕತ್ತಲಿ ಮಾಡಿ ಕೊಟ್ಟೇನಿ.”

“ಕೇಳದ ಮಾಡಿದ್ರಿ?”

“ಕೇಳಿದ್ರ ನೀವು ಬ್ಯಾಡ ಅಂತಿದ್ರಿ.”

ದಾಕ್ಷಾಯಿಣಿಗೆ ಮೈಯೆಲ್ಲ ಉರಿಯಿತು. ಫೋನನ್ನು ಚೀಲಕ್ಕೆ ಹಾಕಿ ರಾಯಾಪುರದಲ್ಲಿ ಇಳಿದುಹೋದಳು. ಇಡೀ ದಿನ ಆ ಹೊಸ ಫೋನು ಮುಟ್ಟಲಿಲ್ಲ. ಮನೆಗೆ ಬಂದು, ಅಡುಗೆ ಮುಗಿಸಿ, ಕೈ ತೊಳೆದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕಣ್ಣು ಮುಚ್ಚಿದಳು. ಹನ್ನೊಂದು ವರ್ಷದಿಂದ ಅವಳು ಎಚ್ಚರವಿದ್ದಾಗ ತಾನಾಗಿ ಕಣ್ಣು ಮುಚ್ಚಿದ್ದೇ ಇಲ್ಲ. ಉಳಿದಿದ್ದನ್ನು ಎಲ್ಲಿ ಕಳಕೊಳ್ಳುತ್ತೇನೋ ಎಂದು ಒಂದು ಕ್ಷಣವೂ ಬಿಡದೆ ನೋಡುತ್ತಿದ್ದಳು. ಈಗ ಮುಚ್ಚಿದವಳು ಮೊದಲು ಒಂದು ಕೈಯಿಂದ ಕಟ್ಟೆಯ ಅಂಚು ಹಿಡಿದುಕೊಂಡಳು. ಆಮೇಲೆ ಬೆರಳು ಸರಿಸಿದಳು. ಫೋನು ಒಂದೊಂದೇ ಅಕ್ಷರ ಹೇಳುತ್ತ ಹೋಯಿತು. ಬಿ ಯಾವುದು, ಡಿ ಯಾವುದು ಎಂದು ಗೊಂದಲವಾಗಿ ಬೆರಳು ಅಲ್ಲೇ ತಡೆದರೆ ‘ಬ್ರಾವೋ’, ‘ಡೆಲ್ಟಾ’ ಎಂದು ಬಿಡಿಸಿ ಹೇಳುತ್ತಿತ್ತು.

ಪ್ರಸಾದ ಬಾಗಿಲಲ್ಲಿ ಬಂದು ನಿಂತ. “ಇದೇನ ಮಿಲಿಟ್ರಿ ವಾಯರ್‌ಲೆಸ್ ಆತಲ್ಲ ಮನಿ.”

“ಸುಮ್ಮ ಕುಂದರ್ರಿ. ನಡು ಮಾತಾಡಿದ್ರ ಅಕ್ಷರ ತಪ್ಪತಾವು.”

ಅವನು ಕೂತ. ಅವಳು ರೋಲರು, ಶಾಫ್ಟು, ಬೇರಿಂಗು ಎಂದು ತನ್ನ ಕಾರ್ಖಾನೆಯ ಒಂದೊಂದೇ ಸಾಮಾನಿನ ಹೆಸರು ಬರೆದು, ಫೋನಿನಿಂದ ಓದಿಸಿ, ಅಳಿಸಿ, ಮತ್ತೆ ಬರೆದಳು. ಮುಗಿಸುವಾಗ ಹೆಗಲು ಸೆಟೆದುಕೊಂಡಿತ್ತು.

ಮರುದಿನ ಬಸ್ಸಿನಲ್ಲಿ ಮತ್ತೆ ಅದೇ ಸೀಟಿನಲ್ಲಿ ಕೂತಳು. “ಕತ್ತಲಿ ಇರ್ಲಿ,” ಎಂದಳು.

“ಹಂಗರ ಇವತ್ತಿಂದ ಪಾಠ ಸುರು ಆತು ಅಕ್ಕಾ,” ಎಂದಳು ಶರೀಫಾಬಿ. ಅಲ್ಲಿಯವರೆಗೆ ಮೇಡಂ ಅನ್ನುತ್ತಿದ್ದವಳು.

ಆಮೇಲೆ ದಾಕ್ಷಾಯಿಣಿ ಹಟ ಹಿಡಿದಳು. ಹತ್ತು ಸಾಲಿನ ಒಂದು ಪತ್ರವನ್ನೇ ಅಳತೆಗೋಲು ಮಾಡಿಕೊಂಡಳು. ಬೆಳಿಗ್ಗೆ ಚಹಾ ಕುದಿಯುವ ಮೊದಲು ಒಂದು ಸಲ, ಊಟದ ಬಿಡುವಿನಲ್ಲಿ ಕಾರ್ಖಾನೆಯ ಹಿಂದಿನ ಬೇವಿನ ಕಟ್ಟೆಯ ಮೇಲೆ ಕೂತು ಒಂದು ಸಲ, ಸಂಜೆ ಒಂದು ಸಲ. ನಲವತ್ತು ನಿಮಿಷವಿದ್ದದ್ದು ಮೂವತ್ತೊಂದಕ್ಕೆ ಇಳಿಯಿತು, ಮತ್ತೆ ಮೂವತ್ತೈದಕ್ಕೆ ಏರಿತು, ಎರಡು ದಿನ ಅಲ್ಲೇ ನಿಂತು ಆಮೇಲೆ ಇಪ್ಪತ್ತಕ್ಕೆ ಇಳಿಯಿತು. ಕಳಿಸುವ ಮೊದಲು ಇಡೀ ಪತ್ರವನ್ನು ಫೋನಿನಿಂದ ಓದಿಸಿಕೊಳ್ಳುವುದನ್ನು ಕಲಿತಳು. ಕಣ್ಣಿಗೆ ಸಿಗದ ತಪ್ಪುಗಳು ಕಿವಿಗೆ ಸಿಕ್ಕವು. ದನಿಯ ವೇಗವನ್ನು ಶರೀಫಾಬಿ ದಿನಕ್ಕಿಷ್ಟಿಷ್ಟು ಹೆಚ್ಚಿಸುತ್ತ ಹೋದಳು. ತನ್ನ ಫೋನಿನದನ್ನು ಒಮ್ಮೆ ಕೇಳಿಸಿದಾಗ ದಾಕ್ಷಾಯಿಣಿಗೆ ಕಾಳು ಉದುರಿದಂತೆ ಬರೀ ಸಪ್ಪಳ ಕೇಳಿತು, ಒಂದು ಮಾತೂ ತಿಳಿಯಲಿಲ್ಲ.

ಒಂದು ದಿನ ಶರೀಫಾಬಿ ಕೇಳಿದಳು. “ಆಫೀಸಿನಾಗ ಹೇಳೀರೇನು?”

“ಇನ್ನೂ ಇಲ್ಲ.”

“ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡು ಎಷ್ಟು ದಿನಾ? ಇಷ್ಟು ವರ್ಷ ಮುಚ್ಚಿಡಾಕ ಖರ್ಚು ಮಾಡಿದ ತಾಕತ್ತಿನಾಗ ಎರಡ ಭಾಷಾ ಕಲೀತಿದ್ರಿ ನೀವು.”

ದಾಕ್ಷಾಯಿಣಿಗೂ ಅದು ಗೊತ್ತಿತ್ತು. ತಾನು ಕಲಿತ ಮೇಲೆ ಹೇಳಬೇಕು, ಕಲಿಯದೆ ಹೇಳಿದರೆ ಅದು ಬೇಡಿದಂತಾಗುತ್ತದೆ ಎಂದುಕೊಂಡಿದ್ದಳು. ಆದರೆ ಪೂರ್ತಿ ಕಲಿಯುವವರೆಗೆ ಮೂವತ್ತೊಂದು ಕಾಯುವುದಿಲ್ಲವಲ್ಲ. ಇಪ್ಪತ್ತೊಂಬತ್ತನೆಯ ತಾರೀಖು ಬೆಳಿಗ್ಗೆ ಶಿವಯೋಗೀಶ ಬಂದು ಕೂತ ಐದು ನಿಮಿಷಕ್ಕೆ ಅವಳು ಅವನ ಕೋಣೆಯ ಬಾಗಿಲು ತಟ್ಟಿದಳು.

ಅವನಿಗೆ ಮೂವತ್ತೇಳು ವರ್ಷ. ಅವಳು ಕೆಲಸಕ್ಕೆ ಸೇರಿದಾಗ ಕನ್ನಡಸಾಲಿಯ ಚೀಲ ಹೊತ್ತು ಅಪ್ಪನ ಆಫೀಸಿಗೆ ಬರುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಮಡಿವಾಳಪ್ಪ ತೀರಿಕೊಂಡ ಮೇಲೆ ಕಾರ್ಖಾನೆ ಅವನ ಹೆಗಲಿಗೆ ಬಂದಿತ್ತು. ದಾಕ್ಷಾಯಿಣಿ ಕೂಡಲಿಲ್ಲ. ನಿಂತೇ ಹೇಳಿದಳು. ಡಾಕ್ಟರು ಹೇಳಿದ್ದು, ಕೊಳವೆಯಷ್ಟು ಉಳಿದದ್ದು, ಕುತ್ತಿಗೆ ನೋವು ಸುಳ್ಳೆಂಬುದು, ಎಲ್ಲ. ಎರಡು ಮೂರು ನಿಮಿಷದಲ್ಲಿ ಮುಗಿಯಿತು. ಇಷ್ಟೇ ಇತ್ತೇ ಎಂದು ಅವಳಿಗೇ ಅನಿಸಿತು.

ಶಿವಯೋಗೀಶ ಕಂಪ್ಯೂಟರಿನಿಂದ ಕೈ ತೆಗೆದ. “ಎಷ್ಟು ವರ್ಷಾತು?”

“ಹನ್ನೊಂದು.”

“ಅಪ್ಪಗ ಗೊತ್ತಿತ್ತೇನು?”

“ಇಲ್ರಿ. ಯಾರಿಗೂ ಹೇಳಿದ್ದಿಲ್ಲ.”

“ಪ್ಯಾಕಿಂಗ್ ಲಿಸ್ಟಿಗೆ ಸಹಿ ನೀವ ಮಾಡ್ತೀರಿ. ಎಷ್ಟು ರೋಲರ್ ಹೋದವು, ಯಾವ ಅಳತೀವು ಅಂತ. ಅದನ್ನ ನೋಡಿ ಮಾಡ್ತಿದ್ರೋ ಇಲ್ಲೋ?”

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. “ಮೂರು ವರ್ಷದಿಂದ ನೋಡಿಲ್ರಿ. ವಿನೋದ ಓದಿ ಹೇಳ್ತಿದ್ದ, ನಾ ಸಹಿ ಮಾಡ್ತಿದ್ದೆ.”

“ಅದು ತಪ್ಪು ಅಕ್ಕಾರ.”

“ತಪ್ಪ ಐತ್ರಿ. ಅದಕ್ಕ ನೀವು ಏನ ಅಂದ್ರೂ ನಾ ಕೇಳ್ತೇನಿ. ಆದ್ರ ಪತ್ರದ ಕೆಲಸ ಬ್ಯಾರೆ. ಅದು ನನಗ ಬರ್ತೈತಿ. ಇವತ್ತ ಮ್ವಾಂಜಾಕ್ಕ ಒಂದು ಪತ್ರ ಹೋಗಬೇಕು. ಬಂದರಿಂದ ಹಡಗು ಹೊಂಟ ಸುದ್ದಿ. ನಿಮ್ಮ ಮುಂದ ಬರೀತೇನಿ, ನೋಡ್ರಿ.”

ಅವನು ಕುರ್ಚಿ ತೋರಿಸಿದ. ತೋರಿಸಿದ್ದು ಅವಳಿಗೆ ಕಾಣಲಿಲ್ಲವೆಂದು ಅವನಿಗೆ ಅರೆಗಳಿಗೆ ತಡವಾಗಿ ಹೊಳೆದು, “ಕುಂದರ್ರಿ, ನಿಮ್ಮ ಬಲಕ್ಕ ಕುರ್ಚಿ ಐತಿ,” ಎಂದ.

ಅವಳು ಇಯರ್‌ಫೋನು ಹಾಕಲಿಲ್ಲ. ದನಿ ಕೋಣೆಗೆಲ್ಲ ಕೇಳುವಂತೆ ಬಿಟ್ಟು, ಕಣ್ಣು ಮುಚ್ಚಿ, ಬರೆಯತೊಡಗಿದಳು. ಅಕ್ಷರಗಳು ಒಂದರ ಹಿಂದೆ ಒಂದು ಉದುರಿದವು. ಶಿವಯೋಗೀಶ ಮೊದಲು ತನ್ನ ಫೋನು ನೋಡಿದ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋದ. ಆಮೇಲೆ ಬಂದು ಎದುರಿಗೆ ಕೂತು ಅವಳ ಬೆರಳನ್ನೇ ನೋಡತೊಡಗಿದ. ಹೊರಗಿನ ಲೇತ್ ಯಂತ್ರದ ಸದ್ದಿಗೆ ಎರಡು ಸಲ ಅಕ್ಷರ ಕೇಳಿಸದೆ ತಪ್ಪಾಯಿತು. ಅಳಿಸಿ ಬರೆದಳು. ಹಡಗಿನ ಹೆಸರು, ಹೊರಟ ದಿನ, ಮುಟ್ಟುವ ದಿನ. ಕೊನೆಯಲ್ಲಿ ತನ್ನ ಹಿಂದಿನ ಅರ್ಧ ಪತ್ರಕ್ಕೆ ಕ್ಷಮೆ ಕೇಳಿ ಒಂದು ಸಾಲು ಸೇರಿಸಿದಳು. ಹತ್ತು ಸಾಲಿನ ಆ ಪತ್ರವನ್ನು ಒಮ್ಮೆ ಓದಿಸಿಕೊಂಡು, ಒಂದು ಪದ ಬದಲಿಸಿ, ಮತ್ತೊಮ್ಮೆ ಓದಿಸಿಕೊಂಡು ಕಳಿಸಿದಳು.

ಅದರ ಪ್ರತಿ ಅವನ ಕಂಪ್ಯೂಟರಿಗೆ ಬಂತು. ಓದಿದ.

“ತಪ್ಪೇನಿಲ್ಲ,” ಎಂದ. “ಹದಿನೇಳು ನಿಮಿಷ ಹಿಡೀತು.”

“ಜೂನ್ ಒಳಗ ಹತ್ತಕ್ಕ ತರ್ತೇನಿ.”

“ಬರಲಿಲ್ಲಂದ್ರ?”

“ನಾನ ಬಂದು ಹೇಳ್ತೇನಿ. ನೀವು ಹೇಳೂ ಮಟ ಕಾಯಂಗಿಲ್ಲ.”

ಶಿವಯೋಗೀಶ ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತ ಕೂತ. ಕೊನೆಗೆ ಎರಡು ಮಾತು ಹೇಳಿದ. ಪ್ಯಾಕಿಂಗ್ ಲಿಸ್ಟಿನ ಸಹಿ ಇವತ್ತಿನಿಂದ ವಿನೋದನದು. ಪತ್ರಗಳು ಅವಳವೇ. ಅವಳು ತಲೆಯಾಡಿಸಿ ಎದ್ದಳು. ಬಾಗಿಲ ಬಳಿ ಹೋದಾಗ ಅವನು ಹಿಂದಿನಿಂದ ಹೇಳಿದ, “ಅಪ್ಪಗ ಹೇಳಲಿಲ್ಲ, ಇರ್ಲಿ. ನನಗರ ಹೇಳಬೇಕಿತ್ರಿ ಅಕ್ಕಾರ. ನಾ ಸಣ್ಣಾವಿದ್ದಾಗ ನೀವ ನನಗ ಇಂಗ್ಲಿಷ್ ಎಬಿಸಿಡಿ ತಿದ್ದಿಸೀರಿ.”

“ಹೌದ್ರಿ,” ಎಂದಷ್ಟೇ ಹೇಳಿ ಹೊರಗೆ ಬಂದಳು.

ಆ ಮಧ್ಯಾಹ್ನ ಪ್ಯಾಕಿಂಗ್ ಲಿಸ್ಟು ಮೊದಲ ಸಲ ಅವಳ ಮೇಜಿಗೆ ಬರದೆ ಹೋಯಿತು. ವಿನೋದ ಹಾದುಹೋಗುವಾಗ ಕಾಗದದ ಸರಸರ ಕೇಳಿಸಿತು. ಹದಿನಾಲ್ಕು ವರ್ಷ ಆ ಕಾಗದದ ಕೆಳಗೆ ತನ್ನ ಹೆಸರಿತ್ತು. ಅವಳು ತುಸು ಹೊತ್ತು ಕೈ ಮಡಚಿ ಕೂತಳು, ಆಮೇಲೆ ಉಗಾಂಡಾದಿಂದ ಬಂದ ಪತ್ರವನ್ನು ಓದಿಸತೊಡಗಿದಳು.

ಮರುದಿನ ಬಸ್ಸಿನಲ್ಲಿ ಶರೀಫಾಬಿಗೆ ಎಲ್ಲ ಹೇಳಿದಳು. ಶರೀಫಾಬಿ ಕೇಳಿಸಿಕೊಂಡು, “ಇನ್ನ ಬಿಳಿ ಕೋಲ ತಗೋರಿ,” ಎಂದಳು.

“ಒಂದೊಂದ ಆಗ್ಲಿ ತಂಗಿ. ಮೊದಲ ಇದು ಹತ್ತಕ್ಕ ಬರ್ಲಿ.”

ಏಪ್ರಿಲ್ ಹೋಯಿತು, ಮೇ ಹೋಯಿತು. ಈಗ ಬಸ್ಸಿನಲ್ಲಿ ಪಾಠ ಎರಡೂ ಕಡೆಯಿಂದ ನಡೆಯುತ್ತಿತ್ತು. ಶರೀಫಾಬಿ ಬ್ಯಾಂಕಿನಲ್ಲಿ ಬಡ್ತಿಯ ಪರೀಕ್ಷೆ ಕಟ್ಟಿದ್ದಳು. ಅದರಲ್ಲಿ ಇಂಗ್ಲಿಷ್ ಪತ್ರ ಬರೆಯಬೇಕು. ಅವಳ ಪತ್ರಗಳು ಗಿರಾಕಿಗೆ ಬೈದ ಹಾಗಿರುತ್ತಿದ್ದವು. “ಇಷ್ಟು ಬಿರುಸು ಬ್ಯಾಡ. ಇಲ್ಲ ಅನ್ನೂದನ್ನ ಕಡೀಕ ಹೇಳು, ಮೊದಲ ಏನ ಕೊಡ್ತೀವಿ ಅದನ್ನ ಹೇಳು,” ಎಂದು ದಾಕ್ಷಾಯಿಣಿ ತಿದ್ದುತ್ತಿದ್ದಳು.

ಜೂನ್ ಇಪ್ಪತ್ತೆಂಟಕ್ಕೆ ಹತ್ತು ಸಾಲಿನ ಪತ್ರಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಇಪ್ಪತ್ತೊಂಬತ್ತಕ್ಕೂ ಹನ್ನೊಂದು. ಮೂವತ್ತಕ್ಕೆ ಹನ್ನೊಂದೂವರೆ. ಸಂಜೆ ನಾಲ್ಕಕ್ಕೆ ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಶಿವಯೋಗೀಶನ ಕೋಣೆಗೆ ಹೋದಳು. ಅವನು ಯಾರದೋ ಜೊತೆ ಫೋನಿನಲ್ಲಿದ್ದ. ಮುಗಿಯುವವರೆಗೆ ನಿಂತಳು.

“ಹನ್ನೊಂದೂವರಿ ಆತ್ರಿ ಸರ,” ಎಂದಳು.

“ಏನು ಹನ್ನೊಂದೂವರಿ?”

“ಜೂನ್ ಒಳಗ ಹತ್ತಕ್ಕ ತರ್ತೇನಿ ಅಂದಿದ್ದೆ. ಬಂದಿಲ್ಲ. ಹೇಳಾಕ ಬಂದೆ.”

ಶಿವಯೋಗೀಶನಿಗೆ ಅದು ಮರೆತೇ ಹೋಗಿತ್ತೆಂದು ಆ ಪ್ರಶ್ನೆಯಿಂದಲೇ ಅವಳಿಗೆ ಗೊತ್ತಾಗಿತ್ತು. “ಅಕ್ಕಾರ,” ಎಂದ, “ಮಸಾಂಜನ ಪತ್ರ ಮುಂಜಾನಿಂದ ಬಂದು ಕುಂತೈತಿ. ಮೂರು ಪ್ರಶ್ನೆ ಕೇಳ್ಯಾನ. ನನಗ ಒಂದೂ ತಿಳೀವಲ್ದು. ಮೊದಲ ಅದನ್ನ ನೋಡ್ರಿ.”

“ನೋಡ್ತೇನಿ. ಆದ್ರ ಹತ್ತು ಆಗೂದೈತಿ ಅಂತ ನೆನಪಿಟ್ಟಿರ್ರಿ.”

“ಆತ್ರಿ, ಇಟ್ಟಿರ್ತೇನಿ.”

ಅವಳು ಮೇಜಿಗೆ ಮರಳಿ ಕೂತು ಮಸಾಂಜನ ಪತ್ರ ತೆರೆದಳು. ಉದ್ದನೆಯ ಪತ್ರ. ಹತ್ತಿ ಬಂದು ಬಿದ್ದಿದೆ, ಹೊಸ ರೋಲರು ಒಂದರಲ್ಲಿ ಎಡ ತುದಿ ಬಿಸಿಯಾಗುತ್ತಿದೆ, ಏನು ಮಾಡಲಿ ಎಂಬುದು ಮೊದಲನೆಯ ಪ್ರಶ್ನೆ. ಎರಡು ಸಲ ಓದಿಸಿಕೊಂಡಳು. ಲೇತಿನ ಹತ್ತಿರ ಹೋಗಿ ಮಿಸ್ತ್ರಿಯನ್ನು ಕೇಳಿ ಬಂದಳು. ಆಮೇಲೆ ಕಣ್ಣು ಮುಚ್ಚಿ, ಬೆರಳನ್ನು ಗಾಜಿನ ಮೇಲಿಟ್ಟು, ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯತೊಡಗಿದಳು.